ಬೀಗರು ಬಿಗಿಸಿದ ಬೋಲ್ಟು

ಯಲಿಯೂರಿನ ಚಿಕ್ಕಮಾದಯ್ಯನವರು ತಮ್ಮ ಬಾಯಿಂದ ಒಂದು ಸುಳ್ಳನ್ನೂ ಹೇಳಿದವರಲ್ಲ. ಬೇರೆಯವರು ತಮ್ಮ ಬಗ್ಗೆ ಹೇಳಿದ್ದನ್ನು ತಿದ್ದಲು ಹೋಗಲಿಲ್ಲ, ಅಷ್ಟೆ. ಮಂಡ್ಯದ ಒಂದು ತರಬೇತಿ ಸಂಸ್ಥೆಯ ಎಂಜಿನ್ ವರ್ಕ್‌ಶಾಪಿನಲ್ಲಿ ಅವರು ಮೂವತ್ತೊಂದು ವರ್ಷ ಕೆಲಸ ಮಾಡಿದ್ದು ನಿಜ. ಅವರ ಕೈ ದಾಟದೆ ಅಲ್ಲಿ ಒಂದು ಸ್ಪ್ಯಾನರೂ ಎಂಜಿನ್ ಮುಟ್ಟುತ್ತಿರಲಿಲ್ಲ ಎನ್ನುವುದೂ ನಿಜ. ಯಾಕೆಂದರೆ ಅವರು ಸಾಮಾನಿನ ಕೋಣೆಯ ಅಟೆಂಡರ್. ಹುಡುಗರು ಕಿಟಕಿಯಾಚೆ ನಿಂತು "ಹನ್ನೆರಡು" ಎಂದರೆ ಹನ್ನೆರಡನೇ ನಂಬರಿನ ಸ್ಪ್ಯಾನರ್ ಕೊಡುವುದು, ಸಂಜೆ ವಾಪಸು ಬಂದದ್ದನ್ನು ಒರೆಸಿ ಮೊಳೆಗೆ ನೇತುಹಾಕುವುದು, ಇದು ಕೆಲಸ. ಬೋಲ್ಟಿನ ತಲೆಯನ್ನು ಹತ್ತು ಅಡಿ ದೂರದಿಂದ ನೋಡಿ ಅದಕ್ಕೆ ಯಾವ ನಂಬರು ಹಿಡಿಸುತ್ತದೆಂದು ಹೇಳಬಲ್ಲರು. ಆ ಸ್ಪ್ಯಾನರನ್ನು ಬೋಲ್ಟಿಗೆ ಹಾಕಿ ತಿರುಗಿಸುವ ಪ್ರಸಂಗ ಮಾತ್ರ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ.

ಊರಿನವರು ಅವರನ್ನು ವರ್ಕ್‌ಶಾಪ್ ಮಾದಯ್ಯ ಎಂದರು. ಅವರು ತಿದ್ದಲಿಲ್ಲ. ಮಗಳು ರಮ್ಯಶ್ರೀ ಮದುವೆಯಾಗಿ ನಿಡಘಟ್ಟಕ್ಕೆ ಹೊರಟಾಗ ಸೀರೆ ಪಾತ್ರೆಗಳ ಜೊತೆ ಒಂದು ಮಾತನ್ನೂ ಕಟ್ಟಿಕೊಂಡು ಹೋದಳು: "ನಮ್ಮಪ್ಪ ಎಂಜಿನ್ನಿನವರು." ಸೀರೆಗಳು ಎರಡು ವರ್ಷದಲ್ಲಿ ಮಾಸಿದವು. ಮಾತು ಹಾಗೇ ಮಡಿಕೆ ಕಳೆಯದೆ ಇತ್ತು.

ಮಾರ್ಚ್ ತಿಂಗಳ ಒಂದು ಶುಕ್ರವಾರ ಚಿಕ್ಕಮಾದಯ್ಯನವರು ಎರಡು ಚಿಪ್ಪು ರಸಬಾಳೆ, ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ಮಗಳನ್ನು ನೋಡಲು ನಿಡಘಟ್ಟಕ್ಕೆ ಬಂದರು. ಬಸ್ಸಿಳಿದವರಿಗೆ ಮೊದಲು ಕೇಳಿಸಿದ್ದೇ ಒಂದು ಸದ್ದು. ಯಾರೋ ಪಟಾಕಿ ಸರ ಹಚ್ಚಿ ಡಬ್ಬದೊಳಗೆ ಹಾಕಿದಂತಿತ್ತು. ಸದ್ದಿನ ಜಾಡು ಹಿಡಿದು ಹೋದರೆ ಬೀಗರ ಮನೆಯೇ ಸಿಕ್ಕಿತು.

ಬೀಗಿತ್ತಿ ಪಟ್ಟಲಮ್ಮ ರಸ್ತೆ ಬದಿಯಲ್ಲಿ, ಮನೆಯ ಮುಂದೆಯೇ, ಕಬ್ಬಿನ ಹಾಲಿನ ಗಾಡಿ ಇಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮಗ ಹೇಮಂತನನ್ನು ಓದಿಸಿದ್ದು, ಮನೆಗೆ ತಾರಸಿ ಹಾಕಿಸಿದ್ದು ಎಲ್ಲವೂ ಆ ಗಾಡಿಯೇ. ಗಾಣದ ಉರುಳೆಗಳನ್ನು ತಿರುಗಿಸಿ ಕಬ್ಬು ಹಿಂಡಲು ಅದಕ್ಕೊಂದು ಪುಟ್ಟ ಡೀಸೆಲ್ ಎಂಜಿನ್. ಎಂಜಿನ್ನಿನಿಂದ ಹೊಗೆ ಹೊರಗೆ ಬರುವ ಕೊಳವೆ ಬುಡದಲ್ಲಿ ನಾಲ್ಕು ಬೋಲ್ಟಿನಿಂದ ಕೂತಿರುತ್ತದೆ. ಆ ಬೋಲ್ಟು ಸಡಿಲವಾಗಿ ಸೈಲೆನ್ಸರಿನವರೆಗೂ ಹೋಗಬೇಕಾದ ಸದ್ದು ಬುಡದಲ್ಲೇ ಸಿಡಿಯುತ್ತಿತ್ತು.

ಗಾಡಿಯ ಮುಂದೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಶ್ರೀಕಾಂತ್ ಕಿವಿಯ ಮೇಲೆ ಫೈಲು ಹಿಡಿದುಕೊಂಡು ನಿಂತಿದ್ದರು.

"ಅಮ್ಮಾ, ಸೋಮವಾರದಿಂದ ಎದುರುಗಡೆ ಸ್ಕೂಲಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಹೆಡ್‌ಮೇಡಂ ಎರಡು ಸಲ ಬರೆದುಕೊಟ್ಟಿದ್ದಾರೆ. ನಾಳೆ ಹನ್ನೊಂದು ಗಂಟೆಗೆ ಬರ್ತೀನಿ. ಈ ಸದ್ದು ಹಿಂಗೇ ಇದ್ರೆ ಗಾಡಿ ಊರ ಹಿಂದಕ್ಕೆ ಸಾಗಿಸ್ಬೇಕು, ನಾನೇನೂ ಮಾಡಕ್ಕಾಗಲ್ಲ."

"ಊರಿಂದೆ ಯಾರು ಸಾಮಿ ಕಬ್ಬಿನಾಲು ಕುಡಿಯಾಕ್ ಬಂದಾರು? ಎಮ್ಮೆಗಳಾ?" ಎಂದರು ಪಟ್ಟಲಮ್ಮ.

"ಅದು ನನ್ನ ವ್ಯಾಪ್ತಿಗೆ ಬರಲ್ಲ" ಎಂದು ಶ್ರೀಕಾಂತ್ ಬೈಕ್ ಹತ್ತಿದರು.

ಪಟ್ಟಲಮ್ಮನ ಕೋಪ ಸೊಸೆಯ ಕಡೆಗೆ ತಿರುಗಿತು. ಅದಕ್ಕೆ ತಿರುಗಲು ಬೇರೆ ಜಾಗವಿರಲಿಲ್ಲ. "ಏನಮ್ಮಿ ನೋಡ್ತಾ ನಿಂತಿದ್ದೀಯಾ? ನಿಂಬೆಹಣ್ಣು ಇಂಡು. ನಿಮ್ಮೂರ್ ಕಡೆ ಇಂಗೇ ಬೆರಳ ತುದೀಲಿ ಇಂಡಾದಾ?"

ರಮ್ಯಶ್ರೀ ನಿಂಬೆಹಣ್ಣು ಕೆಳಗಿಟ್ಟಳು. ಎರಡು ವರ್ಷ ಆ ಮನೆಯಲ್ಲಿ ನಿಂಬೆಹಣ್ಣಿನ ವಿಷಯ, ಶುಂಠಿಯ ವಿಷಯ, ಕಬ್ಬು ಸವರುವ ವಿಷಯ ಎಲ್ಲವನ್ನೂ ಕೇಳಿದ್ದಳು. ತಂದೆ ಬಾಳೆಹಣ್ಣು ಹಿಡಿದು ಬರುತ್ತಿರುವುದು ಕಂಡದ್ದೇ ಅವಳ ಮುಖ ಬೆಳಗಿತು.

"ಅತ್ತೆ, ಯೋಚ್ನೆ ಬುಡಿ. ನಮ್ಮಪ್ಪನೇ ಬಂದವ್ರೆ. ಮೂವತ್ತೊಂದು ವರ್ಷ ಎಂಜಿನ್ ವರ್ಕ್‌ಶಾಪಲ್ಲಿದ್ದೋರು. ಇದ್ಯಾವ ಮಹಾ ಅವ್ರಿಗೆ!"

ಪಟ್ಟಲಮ್ಮ ಸೊಸೆಯ ಮುಖವನ್ನು ಪೂರ್ತಿಯಾಗಿ, ಮೊದಲ ಸಲವೋ ಎಂಬಂತೆ, ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ಬನ್ನಿ ಬೀಗ್ರೇ, ದೇವ್ರೇ ಕಳಿಸ್ದಂಗೆ ಬಂದ್ರಿ. ಅಮ್ಮಿ, ಅಪ್ಪಂಗೆ ನೀರ್ ಕೊಡವ್ವಾ" ಎಂದರು.

ಆ "ಅವ್ವಾ" ಎನ್ನುವ ಮಾತು ಚಿಕ್ಕಮಾದಯ್ಯನವರ ಕಿವಿಗೂ ಬಿತ್ತು, ಮಗಳು ಅದನ್ನು ಕೇಳಿಸಿಕೊಂಡ ಬಗೆಯೂ ಕಣ್ಣಿಗೆ ಬಿತ್ತು. ತಾವು ಕಿಟಕಿಯ ಅಟೆಂಡರ್ ಎಂದು ಹೇಳಲು ತೆರೆದ ಬಾಯಿಯಿಂದ ನೀರು ಕುಡಿದರು.

ಪಂಚೆ ಎತ್ತಿ ಕಟ್ಟಿಕೊಂಡು ಎಂಜಿನ್ನಿನ ಕಡೆ ಒಂದು ಹೆಜ್ಜೆ ಇಟ್ಟರೋ ಇಲ್ಲವೋ ಪಟ್ಟಲಮ್ಮ ಅಡ್ಡ ಬಂದರು. "ಎಲ್ಲಾದ್ರೂ ಉಂಟಾ! ಬೀಗ್ರು ನಮ್ಮನೇಗ್ ಬಂದು ಕೈ ಮಸಿ ಮಾಡ್ಕಳಾದಾ? ನಾಳೆ ಜನ ನನ್ ಮುಖಕ್ ಉಗೀತಾರೆ. ನೀವು ಕುಂತ್ಕಂಡು ಯೋಳಿ ಸಾಕು, ನನ್ ಮಗ ಮಾಡ್ತಾನೆ."

ಪ್ಲಾಸ್ಟಿಕ್ ಕುರ್ಚಿ ಬಂತು. ಅದರ ಮೇಲೆ ಟವಲ್ ಬಂತು. ಚಿಕ್ಕಮಾದಯ್ಯನವರು ಕೂತರು. ಬೀಗರ ಮರ್ಯಾದೆ ಎಂಬ ಪದ್ಧತಿಯನ್ನು ಮಾಡಿದ ಹಿರಿಯರಿಗೆ ಅವರು ಆ ಗಳಿಗೆಯಲ್ಲಿ ಮನಸ್ಸಿನಲ್ಲೇ ಕೈ ಮುಗಿದರು. ಆ ಪದ್ಧತಿಗೆ ಇನ್ನೊಂದು ಕಡೆಯೂ ಇದೆ ಎಂಬುದು ಅವರಿಗಾಗಲೀ, ಬೋಲ್ಟಿಗಾಗಲೀ ಇನ್ನೂ ಗೊತ್ತಿರಲಿಲ್ಲ.

ಹೇಮಂತ ಎಂಜಿನ್ ನಿಲ್ಲಿಸಿದ. ಚಿಕ್ಕಮಾದಯ್ಯನವರು ಕುರ್ಚಿಯಿಂದಲೇ ಕಣ್ಣು ಕಿರಿದು ಮಾಡಿ ನೋಡಿ, "ಹದಿಮೂರು ತಗೊಳ್ಳಿ ಅಳಿಯಂದ್ರೇ" ಎಂದರು.

ಹೇಮಂತ ಹದಿಮೂರರ ಸ್ಪ್ಯಾನರ್ ಹಾಕಿದ. ಕೈಗೆ ಬಳೆ ಕೂತ ಹಾಗೆ ಕೂತಿತು.

"ಅಬ್ಬಾ!" ಎಂದ ಪಕ್ಕದ ವಡೆ ಅಂಗಡಿಯ ಶಿವಯ್ಯ. ವಡೆ ತಿನ್ನುತ್ತಿದ್ದವರೆಲ್ಲ ಎಲೆ ಹಿಡಿದುಕೊಂಡೇ ಈಚೆ ಬಂದರು. "ಮುಟ್ಲೇ ಇಲ್ಲ ಕಣ್ರಲಾ! ಕುಂತ್ ಜಾಗದಿಂದ್ಲೇ ನಂಬ್ರು ಯೋಳ್ಬುಟ್ರು!"

ಚಿಕ್ಕಮಾದಯ್ಯನವರ ವಿದ್ಯೆ ಅಲ್ಲಿಗೆ ಮುಗಿದಿತ್ತು. ಆದರೆ ಹತ್ತು ಹದಿನೈದು ಮುಖಗಳು ಮುಂದಿನ ಮಾತಿಗೆ ಕಾಯುತ್ತಿದ್ದವು. ಅವುಗಳಲ್ಲಿ ಒಂದು ಮಗಳದು.

"ಮೇಲಿಂದು ಬಿಗಿ ಮಾಡಿ. ಪೂರ್ತಿ. ಅದು ಮುಗಿದ ಮೇಲೆ ಪಕ್ಕದ್ದು" ಎಂದರು.

ಹೇಮಂತನ ಕೈ ನಿಂತಿತು. "ಮಾವ, ಎಂಜಿನ್ನು ಇನ್ನೂ ಬಿಸಿ ಅದೆ. ಮತ್ತೆ ಎದುರು ಬದುರಾಗಿ..."

"ಲೋ!" ಎಂದರು ಪಟ್ಟಲಮ್ಮ. "ಬೀಗ್ರು ಯೋಳ್ದಂಗ್ ಮಾಡ್ಲಾ. ನೀನ್ ಹುಟ್ಟಾ ಮುಂಚಿಂದ ಎಂಜಿನ್ ನೋಡ್ದವ್ರಿಗೆ ನೀನ್ ಯೋಳ್ಕೊಡಕ್ ಓಯ್ತೀಯಾ?"

ಹೇಮಂತ ಮೇಲಿನದನ್ನು ಪೂರ್ತಿ ಬಿಗಿದ. ಕೊಳವೆಯ ಬಾಯಿ ಒಂದು ಕಡೆ ಅಮುಕಿಕೊಂಡು ಇನ್ನೊಂದು ಕಡೆ ಬಾಯಿ ಬಿಟ್ಟಿತು. ಆಮೇಲೆ ಪಕ್ಕದ್ದು. ಎಂಜಿನ್ ಹಾಕಿದರು.

ಮೊದಲಿದ್ದದ್ದು ಪಟಾಕಿ ಸರವಾದರೆ ಈಗಿನದು ಕಲ್ಲುಕ್ವಾರಿ. ಜೊತೆಗೆ ಕಪ್ಪು ಹೊಗೆ ನೇರವಾಗಿ ಬಂದು ಮುಂದೆ ನಿಂತಿದ್ದವರ ವಡೆಯ ಮೇಲೆ ಕೂತಿತು. ಎಲ್ಲರೂ ಕುರ್ಚಿಯ ಕಡೆ ನೋಡಿದರು.

"ಮೊದಲನೇ ಹಂತದಲ್ಲಿ ಸದ್ದು ಜಾಸ್ತಿ ಆಗ್ಬೇಕು" ಎಂದರು ಚಿಕ್ಕಮಾದಯ್ಯನವರು. "ಒಳಗಿರೋದೆಲ್ಲ ಹೊರಗೆ ಬರಬೇಕಲ್ಲ."

ಇದು ಅವರು ಸ್ವಂತವಾಗಿ ಹೇಳಿದ ಮೊದಲನೆಯ ಸುಳ್ಳು. ಅಭ್ಯಾಸವಿಲ್ಲದಿದ್ದರೂ ಚೆನ್ನಾಗಿಯೇ ಬಂತು.

"ಕೇಳುದ್ರೇನ್ಲಾ, ಹಂತ ಹಂತ್ವಾಗಿ ಓಗ್ಬೇಕು" ಎಂದು ಶಿವಯ್ಯ ಹೊಗೆ ಹಿಡಿದ ವಡೆಯನ್ನು ಒರೆಸಿ ಗಿರಾಕಿಯ ಎಲೆಗೇ ವಾಪಸು ಹಾಕಿದ.

ಸುದ್ದಿ ಹೆದ್ದಾರಿಯ ಸರ್ವಿಸ್ ರಸ್ತೆಯುದ್ದಕ್ಕೂ ಹಬ್ಬಿತು. ಅರ್ಧ ಗಂಟೆಯಲ್ಲಿ ಪಟ್ಟಲಮ್ಮನ ಅಂಗಳದಲ್ಲಿ ಔಷಧಿ ಹೊಡೆಯುವ ಎರಡು ಪಂಪು, ಮೂರು ಮೊಪೆಡ್ಡು, ಒಂದು ಹುಲ್ಲು ಕತ್ತರಿಸುವ ಯಂತ್ರ ಸಾಲಾಗಿ ನಿಂತವು. ಮುದುಕಿಯೊಬ್ಬಳು ಕುಕ್ಕರ್ ತಂದಳು. ಅದಕ್ಕೆ ಎಂಜಿನ್ ಇಲ್ಲ ಎಂದರೆ, "ಸೀಟಿ ಒಡೀತದಲ್ಲ, ನೋಡಿ ಯೋಳಿ" ಎಂದು ಅಲ್ಲೇ ಕೂತಳು.

ಎರಡನೆಯ ಹಂತ ಹೇಳಲೇಬೇಕಾಯಿತು. "ಬಿಗಿ ಸಾಲದು" ಎಂದರು ಚಿಕ್ಕಮಾದಯ್ಯನವರು. "ಸ್ಪ್ಯಾನರಿಗೆ ಒಂದು ಉದ್ದದ ಪೈಪು ಸಿಕ್ಕಿಸಿ ಎಳೀರಿ."

ಹೇಮಂತ ಅಮ್ಮನನ್ನು ನೋಡಿದ. ಹೆಂಡತಿಯನ್ನು ನೋಡಿದ. ಪೈಪು ಸಿಕ್ಕಿಸಿ ಎಳೆದ.

ಟಕ್ ಎಂದಿತು. ಬೋಲ್ಟಿನ ತಲೆ ಹಾರಿ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಬಿತ್ತು.

ಅಂಗಳದಲ್ಲಿದ್ದ ಯಂತ್ರಗಳ ಪೈಕಿ ಎರಡು ಮೊಪೆಡ್ಡು ಸದ್ದಿಲ್ಲದೆ ಹಿಂದಕ್ಕೆ ಸರಿದವು. ಬೇರೆ ಯಾರ ಬಾಯಿಂದಾದರೂ ಈ ಆಜ್ಞೆ ಬಂದಿದ್ದರೆ ಪಟ್ಟಲಮ್ಮ ಅವರ ಮೂರು ತಲೆಮಾರನ್ನು ರಸ್ತೆಗೆ ಎಳೆಯುತ್ತಿದ್ದರು. ಈಗ ಎರಡು ಸಲ ಉಗುಳು ನುಂಗಿ, "ಅದುಕ್ಕೂ ವಯಸ್ಸಾಗಿತ್ತು ಬುಡಿ ಬೀಗ್ರೇ. ಕಬ್ಣ ತಾನೆ, ಎಷ್ಟ್ ದಿನ ತಡದಾತು" ಎಂದರು.

"ನಂದೇ ತಪ್ಪು ಮಾವ, ಜಾಸ್ತಿ ಎಳ್ದೆ" ಎಂದ ಹೇಮಂತ.

"ಬೀಗ್ರ ಮಾತ್ಗೆ ಬೋಲ್ಟೇ ತಲೆ ಒಪ್ಪುಸ್ಬುಡ್ತು" ಎಂದ ಶಿವಯ್ಯ. ಅದು ಹೊಗಳಿಕೆಯೋ ಏನೋ ಅವನಿಗೂ ಖಚಿತವಿರಲಿಲ್ಲ.

ರಮ್ಯಶ್ರೀ ಮಾತ್ರ ಸಿಪ್ಪೆಯ ರಾಶಿಯಲ್ಲಿ ಬೋಲ್ಟಿನ ತಲೆಯನ್ನು ಹುಡುಕಿ ಸೆರಗಿನಲ್ಲಿ ಒರೆಸಿದಳು. ಅದನ್ನು ನೋಡಿ ಚಿಕ್ಕಮಾದಯ್ಯನವರಿಗೆ ಕುರ್ಚಿ ಚುಚ್ಚತೊಡಗಿತು.

ಊಟವಾದ ಮೇಲೆ ಹಿತ್ತಿಲಿಗೆ ಹೋಗಿ ಹೆಂಡತಿ ಪುಟ್ಟಮಾದಮ್ಮನಿಗೆ ಫೋನು ಮಾಡಿದರು. ನಡೆದದ್ದನ್ನು ಕೇಳಿ ಆಕೆ ಅಂದರು:

"ಅಲ್ಲ ಕನ, ಮನೇಲಿ ಗ್ಯಾಸ್ ಒಲೆ ತಿರುಪಾಕೂ ನನ್ ಕರೀತೀಯ. ನಿಂಗ್ಯಾಕ್ ಬೇಕಿತ್ತು ಎಂಜಿನ್ನು?"

"ಮಗಳು ಎಲ್ಲರ ಮುಂದೆ ಹೇಳಿಬಿಟ್ಟಳು ಕಣೇ."

"ಮಗು ಏನೋ ಯೋಳ್ತು. ನಿನ್ ಬಾಯ್ಗೇನ್ ಬೋಲ್ಟ್ ಆಕಿದ್ರಾ? ಓಗ್ಲಿ, ಅಲ್ಲಿ ಗೊತ್ತಿರಾವ್ರು ಯಾರವ್ರೆ?"

"ಅಳಿಯನಿಗೆ ಏನೋ ಗೊತ್ತಿದ್ದ ಹಾಗಿತ್ತು. ಎದುರು ಬದುರು ಅಂತ ಏನೋ ಅಂದ."

"ಅಂಗಾರೆ ಅವನ್ನ ಕೇಳು."

"ಬೀಗರ ಮನೇಲಿ ಕೂತ್ಕೊಂಡು ಅಳಿಯನ್ನ ಕೇಳೋದಾ?"

"ಕೇಳ್ದೆ ಇದ್ರೆ ಇನ್ನೂ ಮೂರ್ ಬೋಲ್ಟ್ ಅವೆ, ಅವ್ನೂ ಮುರ್ಕೊಂಡು ಬಾ. ಅಮ್ಮಿ ಆ ಮನೇಲಿ ಬದುಕ್ಬೇಕು ಅನ್ನಾದ್ನ ಮರೀಬ್ಯಾಡ" ಎಂದು ಪುಟ್ಟಮಾದಮ್ಮ ಫೋನು ಇಟ್ಟರು.

ಬೆಳಿಗ್ಗೆ ಎದ್ದು ಬಂದಾಗ ಹೇಮಂತ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮುರಿದ ಬೋಲ್ಟಿನ ಮೋಟಿಗೆ ರಾತ್ರಿಯೇ ಡೀಸೆಲ್ ಬಿಟ್ಟು ನೆನೆಹಾಕಿದ್ದನಂತೆ. ಇಕ್ಕಳದಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟೇ ಆಡಿಸುತ್ತ ಅದನ್ನು ಹೊರಗೆ ತೆಗೆದ. ಮುಳ್ಳು ತೆಗೆಯುವವರ ಹಾಗೆ ಉಸಿರು ಬಿಗಿಹಿಡಿದಿದ್ದ.

ಚಿಕ್ಕಮಾದಯ್ಯನವರಿಗೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ಕೊನೆಗೆ ಒಂದು ದಾರಿ ಹೊಳೆಯಿತು. ಬೆನ್ನ ಹಿಂದೆ ಕೈ ಕಟ್ಟಿಕೊಂಡು, "ಅಳಿಯಂದ್ರೇ, ನಿಮ್ಮನ್ನ ಒಂದು ಪರೀಕ್ಷೆ ಮಾಡ್ತೀನಿ. ನೀವಾಗಿದ್ರೆ ಇದನ್ನ ಹೆಂಗೆ ಬಿಗಿ ಮಾಡ್ತಿದ್ರಿ? ಮೊದಲಿಂದ ಹೇಳಿ" ಎಂದರು.

ಹಿರಿಯರೇ ಅಪ್ಪಣೆ ಕೊಟ್ಟರೆಂದು ಹೇಮಂತನ ನಾಲಿಗೆ ಸಡಿಲವಾಯಿತು.

"ಎಂಜಿನ್ನು ಪೂರ್ತಿ ತಣ್ಣಗಿರ್ಬೇಕು ಮಾವ. ಕೊಳವೆ ಬಾಯಿ, ಎಂಜಿನ್ ಬಾಯಿ ಎರಡನ್ನೂ ಕೆರೆದು, ನಡುವೆ ಕೂರೋ ಹಳೇ ಪ್ಯಾಕಿಂಗ್ ಹಾಳೆ ಒಂದು ಚೂರೂ ಇಲ್ಲದಂಗೆ ಒರೆಸ್ಬೇಕು. ಹೊಸ ಪ್ಯಾಕಿಂಗು ಇಟ್ಟು ನಾಲ್ಕೂ ಬೋಲ್ಟ್‌ನ ಬರೀ ಬೆರಳಲ್ಲಿ ತಿರುಗಿಸಿ ಕೂರಿಸ್ಬೇಕು. ಸ್ಪ್ಯಾನರ್ ಆಮೇಲೆ."

"ಸರಿ" ಎಂದರು ಚಿಕ್ಕಮಾದಯ್ಯನವರು, ಪರೀಕ್ಷಕರ ಗತ್ತಿನಲ್ಲಿ.

"ಒಂದನ್ನ ಕಾಲು ಸುತ್ತು. ಆಮೇಲೆ ಪಕ್ಕದ್ದಲ್ಲ, ಅದರ ಎದುರಿಗಿರೋದು ಕಾಲು ಸುತ್ತು. ಹಿಂಗೇ ಎರಡು ಮೂರು ಸಲ ಬರ್ಬೇಕು. ಆವಾಗ ನಾಲ್ಕೂ ಕಡೆ ಸಮನಾಗಿ ಕೂರ್ತದೆ."

"ಎಷ್ಟು ಬಿಗಿ?"

"ಮಣಿಕಟ್ಟಿನ ಬಲ ಸಾಕು ಮಾವ. ಭುಜ ಕೆಲಸಕ್ಕೆ ಬಂತು ಅಂದ್ರೆ ಜಾಸ್ತಿ ಆಯ್ತು ಅಂತ. ಆಮೇಲೆ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ತಣ್ಣಗಾದ ಮೇಲೆ ಇನ್ನೊಂದ್ ಸಲ ಸ್ಪ್ಯಾನರ್ ಹಾಕಿ ನೋಡ್ಬೇಕು. ಬಿಸಿಗೆ ಪ್ಯಾಕಿಂಗು ಅಮುಕಿಕೊಂಡು ಒಂಚೂರು ಸಡಿಲ ಬಿಟ್ಟಿರ್ತದೆ."

ಮೂವತ್ತೊಂದು ವರ್ಷ ಕಿಟಕಿಯಲ್ಲಿ ಇದನ್ನೇ ಚಿಕ್ಕಮಾದಯ್ಯನವರು ಬೇರೆ ರೀತಿಯಲ್ಲಿ ನೋಡಿದ್ದರು. ಉದ್ದದ ಪೈಪು ಕೇಳಿಕೊಂಡು ಹೋದ ಹುಡುಗ ಸಂಜೆ ಮುರಿದ ಬೋಲ್ಟು ಹಿಡಿದು ಬರುತ್ತಿದ್ದ. ಎಲ್ಲರಿಗಿಂತ ತಡವಾಗಿ ಬಂದು "ಸಾರ್, ಇನ್ನೂ ತಣ್ಣಗಾಗ್ತಿತ್ತು" ಎಂದು ಸ್ಪ್ಯಾನರ್ ಕೊಡುತ್ತಿದ್ದ ಹುಡುಗನನ್ನು ಅವರು ಬೈಯುತ್ತಿದ್ದರು.

"ನಿನ್ನೇನೇ ಯಾಕೆ ಹೇಳಲಿಲ್ಲ?"

"ನೀವು ಹೇಳ್ತಿದ್ರಲ್ಲ ಮಾವ" ಎಂದ ಹೇಮಂತ, ಅದಕ್ಕಿಂತ ಬೇರೆ ಕಾರಣ ಬೇಕೇ ಎಂಬಂತೆ.

ಬೋಲ್ಟು ಮುರಿಯುತ್ತದೆಂದು ಗೊತ್ತಿದ್ದೂ ಅಳಿಯ ಎಳೆದಿದ್ದ. ರಮ್ಯಶ್ರೀ ತಂದುಕೊಟ್ಟ ಕಾಫಿಯನ್ನು ಚಿಕ್ಕಮಾದಯ್ಯನವರು ಅರ್ಧಕ್ಕೇ ಕೆಳಗಿಟ್ಟರು.

ಮದ್ದೂರಿನಲ್ಲಿ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಹೇಮಂತ ಅಲ್ಲಿದ್ದು, ಹೊಸ ಬೋಲ್ಟು, ಪ್ಯಾಕಿಂಗು ತಂದ. ಕೆರೆದ, ಒರೆಸಿದ, ಬೆರಳಲ್ಲಿ ಕೂರಿಸಿದ, ಎದುರು ಬದುರಾಗಿ ಕಾಲು ಸುತ್ತು ಕಾಲು ಸುತ್ತು ಬಿಗಿದ. ಚಿಕ್ಕಮಾದಯ್ಯನವರು ಬಾಯಿ ತೆರೆಯಲಿಲ್ಲ. ಅದನ್ನು ಶಿವಯ್ಯ ಮೂರನೆಯ ಹಂತವೆಂದು ಗಿರಾಕಿಗಳಿಗೆ ವಿವರಿಸಿದ.

ಹನ್ನೊಂದಕ್ಕೆ ಶ್ರೀಕಾಂತ್ ಬಂದರು. "ಅಮ್ಮಾ, ಎಲ್ಲಿ, ಎಂಜಿನ್ ಹಾಕಿ ನೋಡೋಣ."

"ಆಕಿದೀವಲ್ಲ ಸಾಮಿ."

ಶ್ರೀಕಾಂತ್ ಬಗ್ಗಿ ಕಿವಿಗೊಟ್ಟರು. ಸಣ್ಣಗೆ ಗುಟುಗುಟು ಎನ್ನುತ್ತಿತ್ತು. ಕಬ್ಬು ಉರುಳೆಗೆ ಸಿಕ್ಕಿ ಮುರಿಯುವ ಸದ್ದು ಆ ರಸ್ತೆಯವರಿಗೆ ಎಷ್ಟೋ ದಿನದ ಮೇಲೆ ಕೇಳಿಸಿತು. "ಇದು ಬಿಡಿ, ನನ್ನ ಬೈಕ್‌ಗಿಂತ ಕಮ್ಮಿ. ಗಾಡಿ ಇಲ್ಲೇ ಇರ್ಲಿ. ಯಾರು ಮಾಡಿದ್ದು?"

"ನಮ್ ಬೀಗ್ರು" ಎಂದರು ಪಟ್ಟಲಮ್ಮ. "ಕುರ್ಚಿ ಬುಟ್ ಏಳ್ನಿಲ್ಲ ಸಾಮಿ. ಬರೀ ಬಾಯಲ್ಲೇ ಮಾಡುದ್ರು."

ಎಂಜಿನ್ ತಣ್ಣಗಾಗಲೆಂದು ಹೇಮಂತ ನಿಲ್ಲಿಸಿದ. ಶ್ರೀಕಾಂತ್ ಕಬ್ಬಿನ ಹಾಲು ಕುಡಿಯುತ್ತ ಚಿಕ್ಕಮಾದಯ್ಯನವರ ಪಕ್ಕ ಕೂತರು. "ಸಾರ್, ನೀವು ಸಿಕ್ಕಿದ್ದು ಬಹಳ ಒಳ್ಳೇದಾಯ್ತು. ಮಾರ್ಚ್ ಮುಗಿಯೋದ್ರೊಳಗೆ ಪಂಚಾಯಿತಿಯಿಂದ ಒಂದು ತರಬೇತಿ ಆಗ್ಬೇಕು. 'ಸಣ್ಣ ಎಂಜಿನ್‌ಗಳ ನಿರ್ವಹಣೆ' ಅಂತ ಹಾಕ್ತೀನಿ. ನಲವತ್ತು ಜನ ಅವರವರ ಎಂಜಿನ್ ತರ್ತಾರೆ. ನೀವು ಹೇಳ್ತಾ ಹೋಗಿ, ಅವರು ಬಿಗಿ ಮಾಡ್ತಾ ಹೋಗ್ತಾರೆ. ನಿಮ್ಮ ಪೂರ್ತಿ ಹೆಸರು ಹೇಳಿ."

ನಲವತ್ತು ಟಕ್ ಎನ್ನುವ ಸದ್ದು ಚಿಕ್ಕಮಾದಯ್ಯನವರ ಕಿವಿಯಲ್ಲಿ ಒಟ್ಟಿಗೆ ಕೇಳಿಸಿತು. ಅವರು ಎದ್ದು ನಿಂತರು.

"ಸ್ವಾಮಿ, ನಾನು ಜೀವಮಾನದಲ್ಲಿ ಒಂದು ಬೋಲ್ಟೂ ಬಿಗಿ ಮಾಡಿದವನಲ್ಲ. ವರ್ಕ್‌ಶಾಪಲ್ಲಿ ಕಿಟಕಿ ಹತ್ರ ನಿಂತು ಸ್ಪ್ಯಾನರ್ ಕೊಡ್ತಿದ್ದೆ, ಅಷ್ಟೆ. ನಿನ್ನೆ ಬೋಲ್ಟು ಮುರಿಸಿದ್ದು ನಾನು. ಇವತ್ತು ಸರಿ ಮಾಡಿದ್ದು ಹೇಮಂತ."

ಶ್ರೀಕಾಂತ್ ಭಾವುಕರಾಗಿ ತಲೆದೂಗಿದರು. "ಏನು ಸರಳತೆ ಸಾರ್! ಅಳಿಯನಿಗೆ ಹೆಸರು ಬರಲಿ ಅಂತ..."

"ದೊಡ್ಡೋರು ಇಂಗೇಯ ಕಣ್ಲಾ" ಎಂದ ಶಿವಯ್ಯ. "ತುಂಬಿರಾವ್ರು ತುಳುಕಾಕಿಲ್ಲ ಸಾರ್, ಬರ್ಕಳಿ, ಚಿಕ್ಕಮಾದಯ್ಯ ಅಂತ."

"ನಿಜ ಹೇಳ್ತಿದ್ದೀನಿ!"

"ನಿಜಾನೇ ಬುಡಿ ಬೀಗ್ರೇ, ನಿಮ್ದು ಬಾಳ ದೊಡ್ ಮನ್ಸು" ಎಂದು ಪಟ್ಟಲಮ್ಮ ಕಣ್ಣೊರೆಸಿಕೊಂಡರು.

ಮೂವತ್ತೊಂದು ವರ್ಷ ತಿದ್ದದೆ ಬಿಟ್ಟ ಮಾತು ಈಗ ತಿದ್ದಲು ಹೋದರೆ ಬಗ್ಗುತ್ತಿರಲಿಲ್ಲ. ತುಕ್ಕು ಹಿಡಿದು ಕೂತುಬಿಟ್ಟಿತ್ತು. ಚಿಕ್ಕಮಾದಯ್ಯನವರು ಒಂದು ಸಲ ಮಗಳ ಕಡೆ ನೋಡಿದರು. ಅವಳು ನಿಂಬೆಹಣ್ಣು ಹಿಡಿದು ನಿಂತಿದ್ದಳು. ಆಮೇಲೆ ನೆಟ್ಟಗೆ ಎಂಜಿನ್ನಿನ ಹತ್ತಿರ ಹೋಗಿ, ಪಂಚೆ ಸಮೇತ ನೆಲಕ್ಕೆ ಕೂತು, ಹದಿಮೂರರ ಸ್ಪ್ಯಾನರನ್ನು ಬೋಲ್ಟಿಗೆ ಹಾಕಿ ತಿರುಗಿಸಿದರು.

"ಅಯ್ಯೋ ಮಾವಾ!" ಎಂದು ಹೇಮಂತ ಕಿರುಚಿಕೊಂಡ. "ಅದು ಬಿಚ್ಚೋ ಕಡೆ!"

ರಸ್ತೆಯಲ್ಲಿ ಬಸ್ಸೊಂದು ಹೋದದ್ದು ಎಲ್ಲರಿಗೂ ಕೇಳಿಸಿತು.

"ಇದೂ ಒಂದು ಹಂತ ಇರ್ಬೌದು" ಎಂದ ಶಿವಯ್ಯ, ಸಣ್ಣ ದನಿಯಲ್ಲಿ.

"ಹಂತ ಗಿಂತ ಏನೂ ಇಲ್ಲ ಶಿವಯ್ಯ. ನಂಗೆ ಬರಾಕಿಲ್ಲ, ಅಷ್ಟೆ" ಎಂದರು ಚಿಕ್ಕಮಾದಯ್ಯನವರು. ಆಮೇಲೆ ಅಳಿಯನ ಕಡೆ ತಿರುಗಿ, "ಯಾವ್ ಕಡೀಕಪ್ಪಾ?" ಎಂದರು.

ಹೇಮಂತ ಪಕ್ಕದಲ್ಲಿ ಕೂತ. ಮಾವನ ಕೈ ಮೇಲೆ ಕೈ ಇಡಬಹುದೇ ಎಂದು ಒಂದು ಗಳಿಗೆ ಅನುಮಾನಿಸಿ, ಇಟ್ಟ. "ಈ ಕಡೆ. ನಿಧಾನ. ಈಗ ಎದುರಿಗಿರೋದು. ಮತ್ತೆ ಇದು." ಚಿಕ್ಕಮಾದಯ್ಯನವರ ಭುಜ ಮೇಲೇಳಲು ನೋಡಿತು. "ಸಾಕು ಮಾವ, ನಿಲ್ಸಿ" ಎಂದ ಹೇಮಂತ, ಗಟ್ಟಿಯಾಗಿಯೇ.

ಅವರು ನಿಲ್ಲಿಸಿದರು.

ಶ್ರೀಕಾಂತ್ ಬರೆದುಕೊಂಡಿದ್ದ ಹೆಸರನ್ನು ಹೊಡೆದುಹಾಕಿ ಹೇಮಂತನ ಹೆಸರು ಬರೆದುಕೊಂಡರು. ವಡೆ ತಿನ್ನುತ್ತಿದ್ದವರು ಮುಖ ಮುಖ ನೋಡಿಕೊಂಡು, ಈಗ ನಗಬೇಕೋ ಬೇಡವೋ ಎಂದು ಪಟ್ಟಲಮ್ಮನ ಕಡೆ ನೋಡಿದರು. ರಮ್ಯಶ್ರೀಯೂ ಅತ್ತ ಕಡೆಯೇ ನೋಡುತ್ತಿದ್ದಳು. ಅವಳ ಮುಷ್ಟಿಯಲ್ಲಿದ್ದ ನಿಂಬೆಹಣ್ಣು ತಾನಾಗಿಯೇ ಹಿಂಡಿಹೋಗಿತ್ತು.

ಪಟ್ಟಲಮ್ಮ ಸೊಂಟದ ಮೇಲೆ ಕೈಯಿಟ್ಟು ಬೀಗರ ಮಸಿ ಕೈಯನ್ನು, ಮಸಿ ಪಂಚೆಯನ್ನು ನೋಡಿದರು. ಆಮೇಲೆ ಸೊಸೆಗೆ ಹೇಳಿದರು. "ನಿಮ್ಮಪ್ಪ ಗಂಡ್ಸು ಕಣಮ್ಮಿ. ಅತ್ತಾರು ಜನದ್ ಮುಂದೆ ಬರಾಕಿಲ್ಲ ಅಂತ ಯೋಳ್ಬುಟ್ರಲ್ಲ. ನಿಮ್ ಮಾವ ಬದುಕಿದ್ದಿದ್ರೆ ನಾಲ್ಕ್ ಬೋಲ್ಟೂ ಮುರ್ದು, 'ಬೋಲ್ಟೇ ಸರಿಗಿಲ್ಲ' ಅನ್ನಾರು." ದನಿ ಏರಿತು. "ಅಲ್ಲ ಬೀಗ್ರೇ, ಬರಾಕಿಲ್ಲ ಅಂತ ನಿನ್ನೇನೇ ಯೋಳಾಕೇನ್ ದಾಡಿ ನಿಮ್ಗೆ? ಒಳ್ಳೇ ಬೋಲ್ಟು ಆಳಾಯ್ತು! ನೋಡ್ತಾ ಏನ್ ಕುಂತಿದ್ದೀರಿ, ಬಸ್ ಗಿರಾಕಿ ಬಂದವ್ರೆ. ಏಳಿ, ಸೋಪಾಕಿ ಕೈ ತೊಳ್ಕಂಡು ಆ ಗ್ಲಾಸ್ನೆಲ್ಲ ತೊಳೀರಿ."

ಜನ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವಳು ರಮ್ಯಶ್ರೀ.

ಹೇಮಂತ ಎಂಜಿನ್ ಹಾಕಿದ. ಚಿಕ್ಕಮಾದಯ್ಯನವರು ಬಕೀಟಿನ ಮುಂದೆ ಕೂತು ಗ್ಲಾಸು ತೊಳೆಯತೊಡಗಿದರು. ಮೂರನೆಯ ಗ್ಲಾಸಿಗೇ ಪಟ್ಟಲಮ್ಮ ಕಬ್ಬು ಕೊಡುತ್ತ ಕೊಡುತ್ತಲೇ ಗದರಿದರು. "ತಳದಲ್ ಶುಂಠಿ ಅಂಗೇ ಅದೆ, ಕಾಣಾಕಿಲ್ವಾ? ಇದುನ್ನೂ ನಾವೇ ಯೋಳ್ಕೊಡ್ಬೇಕಾ?"

"ಯೋಳ್ಕೊಡಿ ತಾಯಿ" ಎಂದರು ಚಿಕ್ಕಮಾದಯ್ಯನವರು.